ಚಳಿಗಾಲದ ಜಡಿಮಳೆ

ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೆಳೆದ ನಮ್ಮಂಥವರ ಮನಸ್ಸಿನಲ್ಲಿ ಚಳಿಗಾಲದ ಬಿರುಗಾಳಿಯ ಚಿತ್ರವೊಂದು ಬೇರೂರಿ ಕುಳಿತಿದೆ. ಹೊರಗೆ ಹಿಮ ಸುರಿಯುತ್ತಿರುತ್ತದೆ, ದಾರಿಗಳು ಮುಚ್ಚಿಹೋಗಿರುತ್ತವೆ, ಒಳಗೆ ಬೆಂಕಿಗೂಡಿನ ಮುಂದೆ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒತ್ತೊತ್ತಾಗಿ ಕುಳಿತು ಕಥೆ ಹೇಳಿಕೊಳ್ಳುತ್ತಿರುತ್ತಾರೆ. ಫ್ರಿಜ್ಜಿನೊಳಗಲ್ಲದೆ ಬೇರೆಲ್ಲಿಯೂ ಹಿಮವನ್ನು ಕಾಣದ ಹುಡುಗರಿಗೆ ನಾವು ವರ್ಷವರ್ಷವೂ ಇಂಥ ಪಾಠಗಳನ್ನು ಹೇಳುತ್ತೇವೆ. ಅವರೂ ಪರೀಕ್ಷೆಯಲ್ಲಿ ಹಿಮದ ವರ್ಣನೆಯನ್ನು ಬಹು ಚೆನ್ನಾಗಿಯೇ ಬರೆಯುತ್ತಾರೆ. ಹೀಗಾಗಿ ಚಳಿಗಾಲದಲ್ಲಿ ಸಂಸಾರವೊಂದು ಮನೆಯೊಳಗೆ ಸಿಕ್ಕಿಬೀಳುವುದೆಂದರೆ ಅದು ಪರದೇಶದ ಸುಖವೆಂದೂ, ನಮ್ಮ ಬೆಂಗಳೂರಿಗೆ ಸಂಬಂಧಪಟ್ಟುದಲ್ಲವೆಂದೂ ನಾವು ನಂಬಿಬಿಟ್ಟಿದ್ದೇವೆ.

ಆದರೆ ನಮಗೂ ಚಳಿಗಾಲದ ಬಿರುಗಾಳಿಯುಂಟು. ಅದು ಹುಟ್ಟುವುದು ಮಾತ್ರ ನಮ್ಮಲ್ಲಲ್ಲ, ಬಂಗಾಳ ಕೊಲ್ಲಿಯಲ್ಲಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದ ಕಾಲದಲ್ಲಿ, ಆ ಕೊಲ್ಲಿಯ ಬೆಚ್ಚಗಿನ ನೀರಿನ ಮೇಲೆ ವಾಯುಭಾರ ಕುಸಿದು ಸುಳಿಗಾಳಿ ಏಳುತ್ತದೆ. ಅದು ತಮಿಳುನಾಡಿನ ತೀರವನ್ನೋ ಆಂಧ್ರದ ತೀರವನ್ನೋ ಮುಟ್ಟಿದರೆ, ಸಮುದ್ರದಿಂದ ಮುನ್ನೂರು ಕಿಲೋಮೀಟರಿನಷ್ಟು ದೂರದಲ್ಲಿ, ಒಂಬೈನೂರು ಮೀಟರಿಗೂ ಎತ್ತರದಲ್ಲಿ ಕುಳಿತಿರುವ ನಮ್ಮ ಊರಿಗೆ ಅದರ ಸೆರಗು ತಾಗುತ್ತದೆ. ಗಾಳಿಯ ಆರ್ಭಟವೆಲ್ಲ ಅಲ್ಲಿಯವರ ಪಾಲು. ನಮಗೆ ಬರುವುದು ಮೋಡ, ಶೀತ ಮತ್ತು ಬಿಡದೆ ಹನಿಯುವ ಮಳೆ. ಇದನ್ನು ನಮ್ಮ ಹಿರಿಯರು ಜಡಿ ಎಂದರು, ಸೋನೆ ಎಂದರು. ಈಗ ಹಳ್ಳಿಯವರೂ ಪೇಟೆಯವರೂ ಒಂದೇ ಬಾಯಿಂದ ‘ಸೈಕ್ಲೋನ್ ಮಳೆ’ ಎನ್ನುತ್ತಾರೆ. ಹಳೆಯ ಮಾತೇ ಲೇಸು ಎಂದು ನಮಗೆ ತೋರುತ್ತದೆ: ಜಡಿ ಎಂದೊಡನೆ ಮಳೆಯ ಸದ್ದೂ ಅದರ ಹಟವೂ ಎರಡೂ ಕಿವಿಗೆ ಬೀಳುತ್ತವೆ.

2021ರ ನವೆಂಬರಿನಲ್ಲಿ ಇಂಥ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬಂದುವು. 2022ರ ಡಿಸೆಂಬರ್ 9ರ ನಡುರಾತ್ರಿಯ ಹೊತ್ತಿಗೆ ‘ಮ್ಯಾಂಡೋಸ್’ ಮಹಾಬಲಿಪುರದ ಬಳಿ ದಡ ಸೇರಿತು. ನಾವು ಹೆಚ್ಚಾಗಿ ಹೇಳಬೇಕೆಂದಿರುವುದು 2024ರ ‘ಫೆಂಗಲ್’ ಮಾತು. ಈ ಹೆಸರುಗಳನ್ನು ಕೇಳಿ ನಗುವವರುಂಟು. ಹಿಂದೂ ಮಹಾಸಾಗರದ ಉತ್ತರ ಭಾಗದ ಚಂಡಮಾರುತಗಳಿಗೆ ನಾಮಕರಣ ಮಾಡುವ ಪದ್ಧತಿ 2004ರಲ್ಲಿ ಬಂದಿತು. ಸುತ್ತಣ ದೇಶಗಳು ಸರದಿಯಂತೆ ಹೆಸರು ಕೊಡುತ್ತವೆ. ಫೆಂಗಲ್ ಎಂಬುದು ಸೌದಿ ಅರೇಬಿಯ ಸೂಚಿಸಿದ ಹೆಸರು. ಮಳೆಯನ್ನೇ ಅಪರೂಪವಾಗಿ ಕಾಣುವ ದೇಶ ನಮ್ಮ ಮಳೆಗೆ ಸೋದರತ್ತೆಯಾಗಿ ಹೆಸರಿಟ್ಟಿತು. ಇರಲಿ.

ಫೆಂಗಲ್ 2024ರ ನವೆಂಬರ್ 30, ಶನಿವಾರ ರಾತ್ರಿ ಪುದುಚೇರಿಯ ಬಳಿ ದಡ ಹತ್ತಿತು. ಹತ್ತಿದ್ದು ಮುಂದಕ್ಕೆ ಹೋಗಲಿಲ್ಲ. ಗಂಟೆಗಟ್ಟಲೆ ಅಲ್ಲಿಯೇ ನಿಂತು ಸುರಿಯಿತು. ಆಮೇಲೆ ಬಲ ಕುಂದಿ, ಪಶ್ಚಿಮಕ್ಕೆ ತಿರುಗಿ, ಒಳನಾಡಿಗೆ ನುಗ್ಗಿತು. ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆಯಾಯಿತು. ಬೆಂಗಳೂರಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆಯ ಅರ್ಧದಷ್ಟು ಅದು. ನಮಗೆ ಬಂದುದು ಅದರ ಅಲ್ಪಾಂಶ. ಡಿಸೆಂಬರ್ 3ರ ಹೊತ್ತಿಗೆ ಉಳಿದ ಮೋಡವೆಲ್ಲ ಕೇರಳ, ಕರ್ನಾಟಕಗಳ ಕರಾವಳಿಯನ್ನು ದಾಟಿ ಅರಬ್ಬೀ ಸಮುದ್ರಕ್ಕೆ ಹೋಯಿತು.

ಈ ಮಳೆಯ ಚಳಿಯ ವಿಷಯವಾಗಿ ಒಂದು ಮಾತು ಹೇಳಬೇಕು. ಬೆಂಗಳೂರಿನಲ್ಲಿ ಅಳತೆಗೆ ಸಿಕ್ಕಿರುವ ಅತಿ ಹೆಚ್ಚಿನ ಚಳಿ 1884ರ ಜನವರಿ 13ರದು. ಆ ದಿನ ಉಷ್ಣಮಾನ 7.8 ಡಿಗ್ರಿಗೆ ಇಳಿದಿತ್ತು. ಅಂಥ ಚಳಿ ನಿರ್ಮಲವಾದ ಆಕಾಶದ ಚಳಿ. ನೆಲದ ಕಾವೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗುತ್ತದೆ. ಬೆಳಗಾದರೆ ಸೂರ್ಯ ಬಂದು ಹತ್ತು ಗಂಟೆಯೊಳಗಾಗಿ ಸಾಲ ತೀರಿಸುತ್ತಾನೆ. ಜಡಿಮಳೆಯ ಚಳಿ ಬೇರೆ ಜಾತಿಯದು. ಮೋಡದ ಹೊದಿಕೆಯಿರುವುದರಿಂದ ರಾತ್ರಿಯ ಉಷ್ಣಮಾನ ಅಷ್ಟೇನೂ ಇಳಿಯದು. ಆದರೆ ಹಗಲು ಏರಬೇಕಾದದ್ದು ಏರುವುದೇ ಇಲ್ಲ. ಸಾಮಾನ್ಯ ಡಿಸೆಂಬರಿನಲ್ಲಿ ಮಧ್ಯಾಹ್ನ 26, 27 ಡಿಗ್ರಿ ಇರುವ ಊರಿನಲ್ಲಿ ಬೆಳಗಿಗೂ ನಡುಹಗಲಿಗೂ ವ್ಯತ್ಯಾಸವೇ ತಿಳಿಯದಂತಾಗುತ್ತದೆ. ಅಂಕಿಗಳನ್ನು ನೋಡಿದರೆ ಇದೇನು ಮಹಾ ಚಳಿ ಎನ್ನಬಹುದು. ಗೋಡೆ, ನೆಲ, ಹಾಸಿಗೆ, ಬಟ್ಟೆ ಎಲ್ಲವೂ ತೇವವಾಗಿ, ಮೂರು ದಿನ ಮೈಗೆ ಬಿಸಿಲು ಸೋಕದಿದ್ದಾಗ ಮುದುಕರ ಕೀಲುಗಳನ್ನೂ ಎಳೆಗೂಸುಗಳ ಎದೆಯನ್ನೂ ಕೇಳಿ ನೋಡಬೇಕು.

ನಾವು ವಾಸಮಾಡುವುದು ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಅಂಜನಾನಗರಗಳನ್ನು ದಾಟಿದರೆ ನಮ್ಮೂರು. ಇನ್ನೂ ಮುಂದಕ್ಕೆ ಹೋದರೆ ತಾವರೆಕೆರೆ, ಮಾಗಡಿ. ಹೆಸರು ಹಳ್ಳಿಯದು, ಹೊಲಗಳಿದ್ದೆಡೆಯಲ್ಲಿ ಈಗ ಇಪ್ಪತ್ತು ಮೂವತ್ತರ ನಿವೇಶನಗಳು, ಅವುಗಳ ಮೇಲೆ ಮೂರು ಮೂರು ಅಂತಸ್ತು, ತುದಿಯಲ್ಲಿ ಬಾಡಿಗೆಗೆಂದು ಕಟ್ಟಿದ ಸಿಮೆಂಟ್ ಶೀಟಿನ ಕೋಣೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು, ಗಾರ್ಮೆಂಟ್ಸಿನ ಹೆಂಗಸರು, ಗಾರೆ ಕೆಲಸದವರು, ಆಟೋ ನಡೆಸುವವರು, ನಮ್ಮಂಥ ಸಂಬಳದವರು, ಎಲ್ಲರೂ ಇಲ್ಲಿ ಒಂದೇ ಬೀದಿಯಲ್ಲಿದ್ದೇವೆ. ಮಳೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಂದು ಹೇಳುವುದು ವಾಡಿಕೆ. ಆ ಮೂರು ದಿನಗಳಲ್ಲಿ ನಮ್ಮ ಬೀದಿಯನ್ನು ನೋಡಿದವರು ಆ ಮಾತನ್ನು ಒಪ್ಪಲಾರರು.

ಭಾನುವಾರ ಕಾರ್ತಿಕದ ಅಮಾವಾಸ್ಯೆ. ಹಿಂದಿನ ವಾರವಷ್ಟೆ ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದಿತ್ತು. ಮನೆಯಲ್ಲಿ ಎರಡು ಸೇರು ಕಡಲೆಕಾಯಿ ಇತ್ತು. ನಮ್ಮ ತಾಯಿಯವರು ಅದನ್ನು ಉಪ್ಪು ಹಾಕಿ ಬೇಯಿಸಿದರು. ಮಕ್ಕಳು ಕಿಟಕಿಯ ಬಳಿ ಕುಳಿತು ಸಿಪ್ಪೆಯ ಗುಡ್ಡೆ ಹಾಕಿದರು. ಆ ದಿನ ನಿಜವಾಗಿಯೂ ಸುಖವಾಗಿತ್ತು. ಮಧ್ಯಾಹ್ನ ವಿದ್ಯುತ್ತು ಹೋಯಿತು. ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದುವು. ಆಮೇಲೆ ಮಾತು ಹುಟ್ಟಿತು. ತಾಯಿಯವರು ತಮ್ಮ ತೌರಿನ ಜಡಿಯ ಸಂಗತಿಗಳನ್ನು ಹೇಳಿದರು. ಸೌದೆಯನ್ನು ಅಟ್ಟದ ಮೇಲೆ ಒಣಗಿಸಿಡುತ್ತಿದ್ದುದು, ಬೇಸಗೆಯಲ್ಲಿ ಇಟ್ಟ ಹಪ್ಪಳ ಸಂಡಿಗೆಗಳ ಡಬ್ಬವನ್ನು ಆಗ ತೆಗೆಯುತ್ತಿದ್ದುದು, ಹುರುಳಿಯನ್ನು ಬೇಯಿಸಿ ಕಟ್ಟಿನ ಸಾರು ಮಾಡಿ ಕಾಳನ್ನು ಎತ್ತಿಗೆ ಇಡುತ್ತಿದ್ದುದು. ಹಿಂದಿನ ಮನೆ ಎಂಬುದು ಹೊರಗೆ ಹೋಗಲಾಗದ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿದ, ತುಂಬಿದ ವಸ್ತು. ನಮ್ಮ ಮನೆಗಳು ಹಾಗಲ್ಲ. ಹಾಲು ಬೆಳಗ್ಗೆ ಬರಬೇಕು, ತರಕಾರಿ ಸಂಜೆ ಬರಬೇಕು, ನೀರನ್ನು ಮೋಟಾರು ಏರಿಸಬೇಕು. ಎರಡು ದಿನ ಏನೂ ಬಾರದಿದ್ದರೆ ನಮ್ಮ ಅಡುಗೆಮನೆಯಲ್ಲಿ ಕಾಣುವುದು ಬರೀ ಪಾತ್ರೆಗಳು.

ಸೋಮವಾರ ಚಿಕ್ಕವನಿಗೆ ಕೆಮ್ಮು ಬಂದಿತು. ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ನಾವೂ ಕಾಲೇಜಿಗೆ ಒಂದು ದಿನದ ಕ್ಯಾಶುಯಲ್ ರಜೆ ಬರೆದು ಕಳುಹಿಸಿದೆವು. ಆ ರಜೆಯ ಹೆಸರೇ ಸ್ವಾರಸ್ಯವಾದದ್ದು. ಸುಮ್ಮನೆ, ಯಾವ ಮಹತ್ಕಾರಣವೂ ಇಲ್ಲದೆ, ಸಂಬಳಕ್ಕೆ ಲೋಪವಿಲ್ಲದೆ ಮನೆಯಲ್ಲಿರಬಹುದಾದ ದಿನ. ಆ ದಿನದ ಮುಖ್ಯ ಕಷ್ಟ ಬಟ್ಟೆಯದು. ಶನಿವಾರ ಒಗೆದದ್ದು ಒಣಗಿರಲಿಲ್ಲ. ನಡುಮನೆಯಲ್ಲಿ ಹಗ್ಗ ಕಟ್ಟಿ, ಕುರ್ಚಿಗಳ ಬೆನ್ನಿಗೆ ಹರವಿ, ಪುಸ್ತಕದ ಬೀರುವಿನ ಬಾಗಿಲಿಗೂ ನೇತುಹಾಕಿ, ಮನೆಯವರು ಇಸ್ತ್ರಿಪೆಟ್ಟಿಗೆ ಹಿಡಿದು ವಿದ್ಯುತ್ತಿಗಾಗಿ ಕಾಯುತ್ತಿದ್ದರು. ಹಸಿ ಬಟ್ಟೆಯ ವಾಸನೆಯಲ್ಲಿ ಷೇಕ್ಸ್‌ಪಿಯರನನ್ನು ಓದುವುದು ಸಾಧ್ಯವಿಲ್ಲವೆಂಬುದನ್ನು ನಾವು ಅನುಭವದಿಂದ ಹೇಳಬಲ್ಲೆವು.

ನಮ್ಮ ಹಿಂದಿನ ಸಾಲಿನಲ್ಲಿ ಶೀಟಿನ ಮನೆಯೊಂದಿದೆ. ಅಲ್ಲಿರುವವರು ಗಾರೆ ಕೆಲಸದ ಗಂಡ, ಗಾರ್ಮೆಂಟ್ಸಿಗೆ ಹೋಗುವ ಹೆಂಡತಿ. ಹೆರಿಗೆಗೆಂದು ಬಂದ ಮಗಳು ಇಪ್ಪತ್ತು ದಿನದ ಬಾಣಂತಿ. ಸೋಮವಾರ ಹನ್ನೊಂದು ಗಂಟೆಗೆ ಆತ ನಮ್ಮ ಜಗಲಿಯಲ್ಲಿ ಬಂದು ನಿಂತ. ಕೆಲಸಕ್ಕೆ ಹೋಗಲಿಲ್ಲವೇ ಎಂದು ಕೇಳಿದೆವು.

“ಹೋಗಿದ್ದೆ ಮೇಷ್ಟ್ರೇ. ಹೊರಗೋಡೆ ಗಾರೆ ಇತ್ತು. ಬಳಿದದ್ದೆಲ್ಲ ಮಳೆಗೆ ಇಳಿದುಹೋಗುತ್ತೆ, ಮೋಡ ಬಿಟ್ಟ ಮೇಲೆ ಬಾ ಅಂತ ಮೇಸ್ತ್ರಿ ವಾಪಸು ಕಳಿಸಿದ. ಬಸ್ಸಿನ ದುಡ್ಡೂ ದಂಡ.”

ಅಂದಿನ ಕೂಲಿ ಇಲ್ಲ, ಮಂಗಳವಾರದ್ದೂ ಇಲ್ಲ. ಆತನ ಪಾಲಿಗೆ ಮನೆಯಲ್ಲಿರುವುದೆಂದರೆ ವಿಶ್ರಾಂತಿಯೂ ಅಲ್ಲ, ಸಂಸಾರಸುಖವೂ ಅಲ್ಲ. ಮಾಡಲು ಏನೂ ಇಲ್ಲದೆ ಹತ್ತಡಿ ಕೋಣೆಯಲ್ಲಿ ಮೂವರು ದೊಡ್ಡವರ ಜೊತೆ ಕುಳಿತು, ಶೀಟಿನ ಒಳಮೈಯಿಂದ ತೊಟ್ಟಿಕ್ಕುವ ಬೆವರನ್ನು ಎಣಿಸುವುದು. ಶೀಟು ಎಷ್ಟು ಭದ್ರವಾಗಿದ್ದರೂ ಹೊರಗಿನ ಶೀತಕ್ಕೆ ಒಳಗಿನ ಉಸಿರು, ಅಡುಗೆಯ ಹಬೆ ಅದರ ಮೇಲೆ ನೀರಾಗಿ ಕೂಡುತ್ತದೆ. ಮಳೆ ಒಳಗೂ ಬಂದಂತೆಯೇ.

ಸಂಜೆ ನಮ್ಮ ತಾಯಿಯವರು ಬಾಣಂತಿಗೆಂದು ಮೆಣಸಿನ ಸಾರು ಮಾಡಿಕೊಂಡು ಆ ಮನೆಗೆ ಹೋದರು. ಕತ್ತಲೆಂದು ನಾವೂ ಜೊತೆಗೆ ಟಾರ್ಚು ಹಿಡಿದು ಹೋದೆವು. ಬಾಗಿಲು ಮುಚ್ಚಿತ್ತು. ಒಳಗೆ ಇದ್ದಿಲ ಅಗ್ಗಿಷ್ಟಿಕೆ ನಿಗಿನಿಗಿ ಉರಿಯುತ್ತಿತ್ತು. ಗೋಡೆಗೂ ಶೀಟಿಗೂ ನಡುವಣ ಸಂದುಗಳಿಗೆಲ್ಲ ಗೋಣಿಚೀಲ ತುರುಕಿದ್ದರು. ಬಾಣಂತಿ ಹಣೆಗೆ ಬಟ್ಟೆ ಬಿಗಿದು ಮಲಗಿದ್ದಳು. ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳೆಸುತ್ತಿದೆ ಎಂದಳು.

“ಏನಮ್ಮಾ ಇದು! ಕೆಂಡ ಇಟ್ಟು ಸಂದು ಮುಚ್ಚುತ್ತಾರೆಯೇ? ಮೊದಲು ಆ ಗೋಣಿ ಕೀಳು, ಬಾಗಿಲು ತೆಗೆ” ಎಂದರು ನಮ್ಮ ತಾಯಿಯವರು.

“ಮಗೂಗೆ ಶೀತ ಬಡಿಯುತ್ತೆ ಅಮ್ಮಾವ್ರೇ.”

“ಶೀತಕ್ಕೆ ಮದ್ದುಂಟು. ಇದಕ್ಕಿಲ್ಲ. ತೆಗೆ.”

ಬಾಗಿಲು ತೆಗೆದರು, ಅಗ್ಗಿಷ್ಟಿಕೆಯನ್ನು ಹೊರಗಿಟ್ಟರು. ಬಾಣಂತಿಯನ್ನೂ ಕೂಸನ್ನೂ ನಮ್ಮ ಮನೆಗೆ ಕರೆತಂದು, ಆಟೋ ಹಿಡಿದು ವೈದ್ಯರಿಗೆ ತೋರಿಸಿದ್ದಾಯಿತು. ಇಬ್ಬರಿಗೂ ಅಪಾಯವಾಗಲಿಲ್ಲ.

ಈ ಸಂಗತಿಯನ್ನು ನಾವು ವಿಸ್ತಾರವಾಗಿ ಹೇಳುತ್ತಿರುವುದು ಸುಮ್ಮನಲ್ಲ. ಇದ್ದಿಲು ಪೂರ್ತಿಯಾಗಿ ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಜೋಂಪು. ಆ ಜೋಂಪಿನಲ್ಲಿ ಮಲಗಿದವರು ಬೆಳಗ್ಗೆ ಏಳುವುದಿಲ್ಲ. ಚಳಿಗಾಲದಲ್ಲಿ ಕೋಣೆಯೊಳಗೆ ಕೆಂಡವಿಟ್ಟುಕೊಂಡು ಮಲಗಿ ಸತ್ತವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೊಗೆ ಕಾಣುವುದಿಲ್ಲವೆಂದು ಜನ ಕೆಂಡವನ್ನು ನಂಬುತ್ತಾರೆ. ಹೊಗೆಯಿಲ್ಲದಿರುವುದೇ ಅದರ ಮೋಸ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ಹಿಂದಿನಿಂದ ಬಂದ ರೂಢಿಯಲ್ಲವೇ ಎಂದು ಕೇಳಬಹುದು. ಹೌದು, ಆದರೆ ಹಿಂದಿನ ಮನೆಗೆ ನಾಡಹೆಂಚಿನ ಮಾಡು, ಮಾಡಿನ ತುಂಬ ಸಂದು, ಗೋಡೆಯಲ್ಲಿ ಗವಾಕ್ಷಿ. ಗಾಳಿ ಬೇಡವೆಂದರೂ ಬರುತ್ತಿತ್ತು. ರೂಢಿ ಉಳಿಯಿತು, ಮನೆ ಬದಲಾಯಿತು. ತಾರಸಿಯ ಮನೆಗಳಲ್ಲಿರುವ ನಾವು ಈ ವಿಷಯದಲ್ಲಿ ಬುದ್ಧಿವಂತರೆಂದು ತಿಳಿಯಬೇಕಾಗಿಲ್ಲ: ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟು, ಚಳಿಯೆಂದು ಕಿಟಕಿ ಮುಚ್ಚಿ, ನೀರು ಕಾಯಿಸಿಕೊಳ್ಳುವವರು ಮಾಡುವುದೂ ಇದನ್ನೇ. ಗೀಸರ್ ಹೊರಗಿರಬೇಕು; ಕಿಟಕಿ ತೆರೆದಿರಬೇಕು. ಎಳೆಗೂಸಿಗೆ ಚಳಿಯಾದರೆ ತಲೆಗೆ ಕುಲಾವಿ ಹಾಕಿ, ತಾಯಿಯ ಬರಿಯ ಎದೆಗೆ ಒತ್ತಿ ಮಲಗಿಸಿ, ಮೇಲೆ ಹೊದೆಸುವುದಕ್ಕಿಂತ ಬೇರೆ ಬೆಂಕಿ ಬೇಡವೆಂದು ವೈದ್ಯರು ಹೇಳುತ್ತಾರೆ.

ಆ ಭಾನುವಾರ ಸಂಜೆ, ನಾವು ಕಡಲೆಕಾಯಿ ತಿನ್ನುತ್ತಿದ್ದ ದಿನವೇ, ತಿರುವಣ್ಣಾಮಲೆಯಲ್ಲಿ ಬೆಟ್ಟದ ಮಣ್ಣು ಬಂಡೆಗಳ ಸಮೇತ ಜಾರಿ ಮನೆಯೊಂದರ ಮೇಲೆ ಬಿದ್ದಿತು. ಬೆಂಗಳೂರಿನಿಂದ ಗಿರಿಪ್ರದಕ್ಷಿಣೆಗೆಂದು ಹೋಗುವವರಿಗೆಲ್ಲ ಪರಿಚಯವಾದ ಬೆಟ್ಟ ಅದು. ಮನೆಯೊಳಗಿದ್ದ ಏಳು ಮಂದಿ ಸತ್ತರು; ಅವರಲ್ಲಿ ಐವರು ಮಕ್ಕಳು. ಹೊರಗೆ ಮಳೆಯೆಂದು ಒಳಗೆ ಸೇರಿದ್ದವರು. ‘ಮನೆಯಲ್ಲಿಯೇ ಇರಿ’ ಎಂದು ಹೇಳುವ ಎಚ್ಚರಿಕೆಗಳನ್ನು ಕೇಳಿದಾಗಲೆಲ್ಲ ನಮಗೆ ಈಗ ಆ ಮನೆಯ ನೆನಪಾಗುತ್ತದೆ. ಎಂಥ ಮನೆಯಲ್ಲಿ, ಯಾವ ಇಳಿಜಾರಿನಲ್ಲಿ, ಯಾವ ಮಾಡಿನ ಕೆಳಗೆ ಎಂಬುದನ್ನು ಎಚ್ಚರಿಕೆ ಹೇಳುವುದಿಲ್ಲ.

ಮಾಗಡಿ ರಸ್ತೆಯ ಇನ್ನೊಂದು ತುದಿಯ ಮಾತೂ ಇದೆ. ನವೆಂಬರ್ ಕಡೆಯಲ್ಲಿ ಆ ಸೀಮೆಯ ರಾಗಿ ಮಾಗಿರುತ್ತದೆ. ಕೊಯ್ದ ತೆನೆಯನ್ನು ಅರಿ ಅರಿಯಾಗಿ ಹೊಲದಲ್ಲೇ ಒಣಹಾಕಿ, ಆಮೇಲೆ ಹೊರೆ ಕಟ್ಟಿ ಬಣವೆಗೆ ಒಯ್ಯುವುದು ಪದ್ಧತಿ. ಅರಿ ನೆಲದ ಮೇಲಿರುವಾಗ ಜಡಿ ಹಿಡಿದರೆ ತೆನೆಯಲ್ಲಿಯೇ ಕಾಳು ಮೊಳೆಯುತ್ತದೆ; ಹುಲ್ಲು ಕಪ್ಪಾಗಿ ದನ ಮೂಸುವುದಿಲ್ಲ. 2021ರ ನವೆಂಬರಿನ ಮಳೆಗಳಲ್ಲಿ ಹಳೆಯ ಮೈಸೂರು ಸೀಮೆಯ ರಾಗಿಯ ಬೆಳೆಗೆ ಆದದ್ದು ಇದೇ. ಆರು ತಿಂಗಳು ಮಳೆಗಾಗಿ ಮುಗಿಲು ನೋಡಿದ ರೈತ ಆ ವಾರ ಮಳೆ ನಿಲ್ಲಲಿ ಎಂದು ಮುಗಿಲು ನೋಡುತ್ತಾನೆ. ಮಳೆಯ ಲೆಕ್ಕವನ್ನು ನಕ್ಷತ್ರದಿಂದ ಹಿಡಿಯುವ ಅವನ ಪಂಚಾಂಗದಲ್ಲಿ ಸ್ವಾತಿ, ವಿಶಾಖೆ ಕಳೆದ ಮೇಲೆ ಬರುವ ಅನೂರಾಧೆಯ ಮಳೆಗೆ ಕೆಲಸವೇ ಇಲ್ಲ. ಮಾಗಡಿಯ ಅವರೆಯೂ ಅಷ್ಟೆ: ಅದಕ್ಕೆ ಬೇಕಾದ್ದು ಇರುಳಿನ ಇಬ್ಬನಿ, ಹಗಲಿನ ಬಿಸಿಲು, ಹೂ ಉದುರಿಸುವ ಜಡಿಯಲ್ಲ. ಪೇಟೆಯಲ್ಲಿ ನಾವು ಸೊಗಡಿಲ್ಲ ಎಂದು ಮೂಗು ಮುರಿಯುವುದು ಆಮೇಲಿನ ಮಾತು.

ಹವಾಮಾನ ಇಲಾಖೆಯವರು ಈಗ ನಾಲ್ಕೈದು ದಿನ ಮುಂಚಿತವಾಗಿಯೇ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಹಚ್ಚಿ ಮಳೆಯ ಸೂಚನೆ ಕೊಡುತ್ತಾರೆ. ಇದು ದೊಡ್ಡ ಉಪಕಾರ. ಆದರೆ ಸೂಚನೆ ಬಂದಾಗ ಗಾರೆ ಕೆಲಸದವನು ಮಾಡಬೇಕಾದ್ದೇನು? ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆಗಳು ಬಂದುವು; ಅವುಗಳಂತೆ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಸುಂಕ ಎತ್ತಿ, ಆ ಹಣವನ್ನು ಕಾರ್ಮಿಕರ ಕಲ್ಯಾಣ ಮಂಡಲಿಯಲ್ಲಿ ಕೂಡಿಡುತ್ತ ಬಂದರು. ಮದುವೆಗೆ, ಹೆರಿಗೆಗೆ, ಓದಿಗೆ, ಪಿಂಚಣಿಗೆ ಅದರಿಂದ ನೆರವು ಸಲ್ಲುತ್ತದೆ. 2020ರಲ್ಲಿ ಸಾಂಕ್ರಾಮಿಕದ ಕಾರಣ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಕರ್ನಾಟಕದಲ್ಲಿ ನೋಂದಾಯಿತರಾದ ಕಟ್ಟಡ ಕಾರ್ಮಿಕರಿಗೆ ತಲಾ 5,000 ರೂಪಾಯಿ ಕೊಟ್ಟುದುಂಟು. ಅಂದರೆ, ಸರ್ಕಾರವೇ ಮನೆಯಲ್ಲಿರು ಎಂದಾಗ ಅದರ ಬೆಲೆಯಲ್ಲಿ ಒಂದು ಪಾಲನ್ನು ಕೊಡಬೇಕೆಂಬ ನ್ಯಾಯವನ್ನು ಒಂದು ಸಲ ಒಪ್ಪಿದ್ದಾಯಿತು. ಮಹಾಮಾರಿಗೆ ಸಲ್ಲುವ ನ್ಯಾಯ ಮಹಾಮಳೆಗೆ ಏಕೆ ಸಲ್ಲಬಾರದು? ಕಿತ್ತಳೆಯೋ ಕೆಂಪೋ ಸೂಚನೆ ಬಿದ್ದ ದಿನಕ್ಕೆ ಅರ್ಧ ಕೂಲಿಯಾದರೂ ಆ ನಿಧಿಯಿಂದ ಸಂದರೆ ಯಾರ ಗಂಟು ಹೋಗುತ್ತದೆ? ಇದು ಕೇಳರಿಯದ ಸಂಗತಿಯೇನಲ್ಲ. ಗುಜರಾತಿನಲ್ಲಿ ಹುಟ್ಟಿದ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘದವರು 2024ರ ಬೇಸಗೆಯಲ್ಲಿ, ಬಿಸಿಲು ಗೊತ್ತುಮಾಡಿದ ಮಿತಿಯನ್ನು ಮೀರಿದ ದಿನಗಳಿಗಾಗಿ ತಮ್ಮ ಸದಸ್ಯೆಯರಿಗೆ ವಿಮೆಯ ಹಣ ಕೊಡಿಸಿದರು. ಬಿಸಿಲಿಗೆ ಸಾಧ್ಯವಾದದ್ದು ಮಳೆಗೂ ಸಾಧ್ಯವಾಗಬೇಕು. ಇದಕ್ಕೆ ಅಡ್ಡಿಗಳೂ ಉಂಟು; ಮುಖ್ಯವಾಗಿ, ನಮ್ಮ ಹಿಂದಿನ ಸಾಲಿನ ಆ ಮನುಷ್ಯನಂತೆ ನೋಂದಣಿಯ ಕಾರ್ಡೇ ಇಲ್ಲದವರು ಎಷ್ಟೋ ಮಂದಿ. ಮೇಸ್ತ್ರಿ ಬರೆದುಕೊಡಬೇಕು, ಮೇಸ್ತ್ರಿಗೆ ಪುರಸೊತ್ತಿಲ್ಲ. ಈ ಮಾತನ್ನು ಕೇಳುತ್ತಿರುವವರಲ್ಲಿ ಮನೆ ಕಟ್ಟಿಸುತ್ತಿರುವವರಿದ್ದರೆ ಆ ಕೆಲಸವನ್ನು ಅವರು ಮಾಡಿಸಬಹುದು. ತೊಂಬತ್ತು ದಿನ ಕೆಲಸ ಮಾಡಿದ್ದಾನೆಂಬ ಒಂದು ಪ್ರಮಾಣಪತ್ರ, ಅಷ್ಟೆ.

ಆ ವಾರದ ಶನಿವಾರ ಬಟವಾಡೆಯಾಯಿತು. ನಮ್ಮ ನೆರೆಯಾತ ಆರು ದಿನದ ಬದಲು ನಾಲ್ಕು ದಿನದ ಕೂಲಿ ತಂದ. ಅದರಲ್ಲಿ ಅಂಗಡಿಯ ಬಾಕಿ ಕಳೆದು, ವೈದ್ಯರ ಮನೆಗೆ ಹೋಗಿಬಂದ ಆಟೋ ಬಾಡಿಗೆಯನ್ನು ನಮಗೆ ಕೊಡಲು ಬಂದ. ನಾವು ತೆಗೆದುಕೊಳ್ಳಲಿಲ್ಲ. ಆತ ಜಗಲಿಯ ಮೇಲೆ ಒಂದು ಚೀಲ ಒಣ ಇದ್ದಿಲನ್ನು ಇಟ್ಟುಹೋದ. ನಮ್ಮ ಮನೆಯಲ್ಲಿ ಇನ್ನು ಇದು ಬೇಡ, ನಿಮ್ಮ ತಾಯಿಯವರು ಹೊರಗಿನ ಒಲೆಯಲ್ಲಿ ನೀರು ಕಾಯಿಸಲಿ ಎಂದು ಹೇಳಿ.